ಬೇವಿನೆಲೆ ಸೊಟ್ಟಗಾದದ್ದು

ಆಗ ಭೂಮಿ ಇನ್ನೂ ಹೊಸದು. ಹೊಳೆಯ ಕಲ್ಲುಗಳು ಉರುಟಾಗಿರಲಿಲ್ಲ, ಮುಟ್ಟಿದರೆ ಚುಚ್ಚುತ್ತಿದ್ದವು. ಮರಗಳಿದ್ದವು, ಆದರೆ ಯಾವ ಮರದಲ್ಲೂ ಒಂದೇ ಒಂದು ಎಲೆ ಇರಲಿಲ್ಲ. ಎಲೆ ಹೇಗಿರಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೆ.

ಬೇಸಿಗೆ ಮಾತ್ರ ಆಗಲೇ ಬಂದು ಕೂತುಬಿಟ್ಟಿತ್ತು.

ಮನುಷ್ಯರು ತೀರ ಕಡಿಮೆ. ನಮ್ಮ ಕಥೆಗೆ ಒಬ್ಬಳು ಸಾಕು. ಅವಳ ಹೆಸರು ಕೆಂಚಿ. ಅವಳಿಗೆ ಎಷ್ಟು ವರ್ಷ ಎಂದು ಕೇಳಬೇಡಿ, ವರ್ಷ ಎಂಬುದೇ ಇನ್ನೂ ಶುರುವಾಗಿರಲಿಲ್ಲ. ಹಾಲುಹಲ್ಲು ಬಿದ್ದಿರಲಿಲ್ಲ, ಅಷ್ಟು ತಿಳಿದರೆ ಸಾಕು.

ಕೆಂಚಿ ದಿನವೂ ಒಂದು ಬೇವಿನ ಮರದ ಕೆಳಗೆ ಆಡುತ್ತಿದ್ದಳು. ಬೋಳು ಮರದ ನೆರಳು ಎಂದರೆ ಏನು? ನೆಲದ ಮೇಲೆ ನಾಲ್ಕು ಗೆರೆ. ಸುಡುವ ಮಣ್ಣಿನಲ್ಲಿ ಕಾಲಿಡಲಾಗದೆ ಕೆಂಚಿ ಆ ಗೆರೆಗಳ ಮೇಲೇ ನಡೆಯುತ್ತಿದ್ದಳು. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು.

"ಬೇವಕ್ಕಾ, ನಿನ್ನ ನೆರಳು ಬಹಳ ಸಣ್ಣ," ಎನ್ನುತ್ತಿದ್ದಳು.

"ಇರುವುದು ಅಷ್ಟೇ ಕಣೇ," ಎನ್ನುತ್ತಿತ್ತು ಬೇವು. ಅಷ್ಟು ಹೇಳುವಾಗ ಅದಕ್ಕೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಭೂಮಿತಾಯಿ ಮರಗಳನ್ನೆಲ್ಲ ಕರೆದಳು.

"ನಾಳೆ ಮೊದಲನೆಯ ವರ್ಷ ಹುಟ್ಟುತ್ತದೆ," ಎಂದಳು. "ಅಗೋ, ಆ ಎರಡು ಬೆಟ್ಟಗಳ ನಡುವೆ ಸಂದಿ ಇದೆಯಲ್ಲ, ಅದೇ ನಮ್ಮ ಬಾಗಿಲು. ಸೂರ್ಯ ಅಲ್ಲಿಂದಲೇ ಒಳಗೆ ಬರುತ್ತಾನೆ. ಹಬ್ಬದ ದಿನ ಬರಿಬಾಗಿಲು ತೋರಿಸುವುದೇ? ತೋರಣ ಕಟ್ಟೋಣ. ಒಬ್ಬೊಬ್ಬರೂ ಎಲೆ ಮಾಡಿ ತನ್ನಿ."

"ಎಲೆ ಅಂದರೆ ಏನಮ್ಮಾ?" ಎಂದು ಅರಳಿಮರ ಕೇಳಿತು.

"ನೀನು ಏನು ಮಾಡುತ್ತೀಯೋ ಅದೇ ನಿನ್ನ ಎಲೆ. ತೋರಣದಲ್ಲಿ ತೂಗಿದ ಎಲೆಗೆ ನಾಳೆಯ ಮೊದಲ ಬಿಸಿಲು ತಾಗುತ್ತದೆ. ತಾಗಿತೋ, ಅಂಥದೇ ಎಲೆ ಆ ಮರದ ಮೈತುಂಬ ಹುಟ್ಟುತ್ತದೆ. ತೋರಣಕ್ಕೆ ಬಾರದ ಮರ ಈಗಿನ ಹಾಗೆ ಬೋಳಾಗಿಯೇ ನಿಲ್ಲುತ್ತದೆ. ಅದು ನನ್ನ ಕೈಯಲ್ಲಿಲ್ಲ."

ಮರಗಳೆಲ್ಲ ಮುಖ ಮುಖ ನೋಡಿಕೊಂಡವು.

ಎಲೆ ಕತ್ತರಿಸಲು ಹಾಳೆ ಕೊಟ್ಟವಳು ಹೊಳೆ. ಅವಳು ತನ್ನ ಹಸಿರು ಪಾಚಿಯನ್ನು ತೆಳ್ಳಗೆ ಹರಡಿ, ಬಂಡೆಯ ಮೇಲೆ ಹಪ್ಪಳದ ಹಾಗೆ ಒಣಗಿಸಿಟ್ಟಿದ್ದಳು. "ಮರಕ್ಕೆ ಒಂದು ಹಾಳೆ," ಎಂದಳು. "ಹರಿದುಹೋಯಿತು, ಇನ್ನೊಂದು ಕೊಡು ಅಂತ ಬಂದರೆ ನನ್ನ ಹತ್ತಿರ ಇಲ್ಲ."

ಕತ್ತರಿಸುವ ಕೆಲಸ ಏಡಿಯದು. ಭೂಮಿಯ ಮೇಲೆ ಆಗ ಕತ್ತರಿಯಂಥ ಕೈ ಇದ್ದದ್ದು ಅದಕ್ಕೊಂದಕ್ಕೇ.

ಪರೀಕ್ಷೆ ಮಾಡಲು ನಿಂತವರು ಗಾಳಿ ಮೇಷ್ಟ್ರು. ಅವರು ನಗುವುದು ಕಡಿಮೆ. ಮಾತೂ ಕಡಿಮೆ.

"ಕೇಳಿಸಿಕೊಳ್ಳಿ. ಎರಡನೆಯ ಸಲ ಹೇಳುವುದಿಲ್ಲ," ಎಂದರು. "ಹಾಳೆಯನ್ನು ನಡುವೆ ಮಡಚಿ. ಮಡಚಿದ ಮೇಲೆ ಕತ್ತರಿಸಿ. ಬಿಚ್ಚಿ ನನ್ನ ಹತ್ತಿರ ತನ್ನಿ. ನಾನು ಅದೇ ಮಡಿಕೆಯಲ್ಲಿ ಮತ್ತೆ ಮಡಚುತ್ತೇನೆ. ಅಂಚಿಗೆ ಅಂಚು ಕೂತರೆ ತೋರಣಕ್ಕೆ. ಕೂರದಿದ್ದರೆ ಇಲ್ಲ."

"ಅಷ್ಟೊಂದು ಯಾಕೆ ಮೇಷ್ಟ್ರೇ?" ಎಂದು ಬಾಳೆ ಕೇಳಿತು.

"ಒಂದು ಕಡೆ ಭಾರವಾದ ಎಲೆ ದಾರದ ಮೇಲೆ ತಿರುಚಿಕೊಳ್ಳುತ್ತದೆ. ಪಕ್ಕದ್ದರ ಮೇಲೆ ಬೀಳುತ್ತದೆ. ಒಂದು ಬಿದ್ದರೆ ಸಾಲೆಲ್ಲ ಕೆಡುತ್ತದೆ. ಬೀಸುವವನು ನಾನು, ನನಗೆ ಗೊತ್ತು."

ಕಾರಣ ಸರಿಯಾಗಿತ್ತು.

ಮಾವು ಮೊದಲು ಬಂತು. ಹಾಳೆಯನ್ನು ಒಂದು ಸಲ ಮಡಚಿತು. ಏಡಿ ಕಟುಕ್ ಎಂದು ಉದ್ದಕ್ಕೆ ಕತ್ತರಿಸಿತು. ಮೇಷ್ಟ್ರು ಮಡಚಿ ನೋಡಿದರು. ಅಂಚಿಗೆ ಅಂಚು ಕೂತಿತು. "ಸರಿ," ಎಂದರು.

ಅರಳಿ ಬಂತು. ಕತ್ತರಿಸುವಾಗ ಏಡಿ ತುದಿಯಲ್ಲಿ ಕೈ ಜಾರಿ ಒಂದು ಬಾಲ ಎಳೆದುಬಿಟ್ಟಿತು. ಆದರೆ ಬಾಲ ಎರಡೂ ಕಡೆಗೆ ಸಮನಾಗಿತ್ತು. ಅಂಚಿಗೆ ಅಂಚು ಕೂತಿತು. "ಸರಿ."

ಬಸವನಪಾದ ಎಂಬ ಮರ ಆತುರಗಾರ. ತುದಿಯನ್ನು ನೇರ್ಪು ಮಾಡುವ ಮೊದಲೇ ಹಾಳೆ ಬಿಚ್ಚಿತು. ಎಲೆ ಎತ್ತಿನ ಗೊರಸಿನ ಹಾಗೆ ನಡುವೆ ಸೀಳಿ ನಿಂತಿತು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು, ಮಡಚಿದರು, ಅಂಚಿಗೆ ಅಂಚು ಕೂತಿತು. "ಸರಿ. ಆದರೆ ಆತುರ ಒಳ್ಳೆಯದಲ್ಲ," ಎಂದರು.

ಎಲ್ಲ ಎಲೆಗಳ ನಡುವೆಯೂ ಒಂದೊಂದು ಗೆರೆ ಉಳಿಯಿತು. ಅದು ಮಡಚಿದ ಗುರುತು.

ಬೇವು ಹಾಳೆ ಹಿಡಿದು ನಿಂತಿತ್ತು. ಕೆಳಗೆ ಕೆಂಚಿ.

"ಬೇವಕ್ಕಾ, ತೋರಣಕ್ಕೆ ಒಂದು. ನನಗೆ?"

"ನಿನಗೂ ಒಂದು ಮಾಡೋಣ."

"ಇರುವೆಗೆ?"

"ಇರುವೆಗೂ ಒಂದು."

"ಅಳಿಲಿಗೆ ಕೊಡದಿದ್ದರೆ ಅದು ನನ್ನ ಜೊತೆ ಮಾತು ಬಿಡುತ್ತದೆ."

"ಅಳಿಲಿಗೂ."

"ಅವ್ವನಿಗೆ?"

ಬೇವು ಹಾಳೆಯನ್ನು ನೋಡಿತು. ಇದ್ದದ್ದು ಒಂದೇ. ಆಗ ಅದಕ್ಕೆ ಒಂದು ಉಪಾಯ ಹೊಳೆಯಿತು. ಕಾಗದ, ಕತ್ತರಿ ಹಿಡಿದು ಕೂತ ಎಲ್ಲರಿಗೂ ಒಂದಲ್ಲ ಒಂದು ದಿನ ಹೊಳೆಯುವ ಉಪಾಯ ಅದು. ಹಾಳೆಯನ್ನು ಬೀಸಣಿಗೆಯ ಹಾಗೆ ಒಮ್ಮೆ ಇತ್ತ, ಒಮ್ಮೆ ಅತ್ತ, ಮತ್ತೆ ಇತ್ತ, ಮತ್ತೆ ಅತ್ತ ಮಡಚಿತು. ಆ ಕಟ್ಟನ್ನು ನಡುವೆ ಮತ್ತೊಮ್ಮೆ ಮಡಚಿತು. ಒಂದೇ ಸಲ ಕತ್ತರಿಸಿದರೆ ಎಲ್ಲರಿಗೂ ಎಲೆ.

ಉಪಾಯವೇನೋ ಚೆನ್ನಾಗಿತ್ತು. ಆದರೆ ದಪ್ಪ ಕಟ್ಟು ನಡುವೆ ಮಡಚಿಕೊಳ್ಳುವುದಿಲ್ಲ, ಜಾರುತ್ತದೆ. ಒಂದು ಅರ್ಧ ಅಗಲವಾಗುತ್ತದೆ, ಇನ್ನೊಂದು ಅರ್ಧ ಕಿರಿದಾಗುತ್ತದೆ. ಬೇವು ಅದನ್ನು ನೋಡಲಿಲ್ಲ.

"ಇದೇನಕ್ಕ?" ಎಂದಿತು ಏಡಿ. "ಎಲೆ ಮಾಡಿಸಲು ಬಂದೆಯೋ, ಹಾಸಿಗೆ ಸುತ್ತಿಕೊಂಡು ಮಲಗಲು ಬಂದೆಯೋ?"

"ಕತ್ತರಿಸಿಕೊಡು ಏಡಿ ಮಾವ. ಒಂದೇ ಏಟಿಗೆ ಆಗುತ್ತದೆ."

"ಒಂದೇ ಏಟಿಗೆ ನನ್ನ ಕೈ ಮುರಿಯುತ್ತದೆ. ಕಚ್ಚಿ ಕಚ್ಚಿ ಕತ್ತರಿಸಬೇಕು. ಆಮೇಲೆ ನನ್ನನ್ನು ಅನ್ನಬೇಡ."

ಏಡಿ ಕಚ್ಚಿತು. ಕಟುಕ್. ಒಂದು ಹೆಜ್ಜೆ ಇಟ್ಟಿತು. ಕಟುಕ್. ಇನ್ನೊಂದು ಹೆಜ್ಜೆ. ಕಚ್ಚಿದಲ್ಲೆಲ್ಲ ಒಂದೊಂದು ಹಲ್ಲಿನ ಗುರುತು ಮೂಡಿತು. ಏಡಿಯ ನಡಿಗೆ ನಿಮಗೆ ಗೊತ್ತಲ್ಲ? ಅದು ಮುಂದಕ್ಕೆ ಹೋಗುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ. ಅದು ಪಕ್ಕಕ್ಕೆ ಸರಿದ ಹಾಗೆ ಕತ್ತರಿಸಿದ ಗೆರೆಯೂ ಪಕ್ಕಕ್ಕೆ ಬಾಗುತ್ತಾ ಹೋಯಿತು.

ಕಟ್ಟು ಬಿಚ್ಚಿದಾಗ ರಾಶಿ ಎಲೆ ಉದುರಿದವು. ಸಣ್ಣ ಎಲೆಗಳು. ಅಂಚಿಗೆಲ್ಲ ಗರಗಸದ ಹಲ್ಲು. ಒಂದೊಂದೂ ಕುಡುಗೋಲಿನ ಹಾಗೆ ಬಾಗಿದೆ. ನಡುಗೆರೆ ನಡುವೆ ಇಲ್ಲ.

ಕೆಂಚಿ ಕೈತುಂಬ ಬಾಚಿಕೊಂಡಳು. "ಎಷ್ಟೊಂದು ಇವೆ ಬೇವಕ್ಕಾ."

ಬೇವಿಗೆ ಅವು ಸೊಟ್ಟಗಾದದ್ದು ಕಾಣಿಸಿಬಿಟ್ಟಿತ್ತು.

ಮೇಷ್ಟ್ರು ಬಂದು ಒಂದು ಎಲೆ ಎತ್ತಿದರು. ಮಡಚಿದರು. ಅಂಚಿಗೆ ಅಂಚು ಕೂರಲಿಲ್ಲ.

ಇನ್ನೊಂದು ಎತ್ತಿದರು. ಮಡಚಿದರು. ಅಂಚಿಗೆ ಅಂಚು ಕೂರಲಿಲ್ಲ.

ಮೂರನೆಯದನ್ನೂ ನೋಡಿ ಕೆಳಗಿಟ್ಟರು.

"ಬೇವಕ್ಕ, ನಿನ್ನ ಎಲೆಗೆ ಕತ್ತು ಉಳುಕಿದೆ ನೋಡು," ಎಂದಿತು ಬಾಳೆ. ಒಂದೆರಡು ಮರ ನಕ್ಕವು. ಬೇವು ಕೊಂಬೆ ತಗ್ಗಿಸಿತು.

ಮಾವಿಗೆ ಪಾಪ ಅನ್ನಿಸಿತು. "ಮೇಷ್ಟ್ರೇ, ಹಬ್ಬ. ಇದೊಂದು ಸಲ ಬಿಟ್ಟುಬಿಡಿ. ಯಾರು ನೋಡುತ್ತಾರೆ?"

"ನಾನು ನೋಡಿದ್ದೇನಲ್ಲ," ಎಂದರು ಮೇಷ್ಟ್ರು. "ಇದನ್ನು ಬಿಟ್ಟರೆ ನಿನ್ನ ಎಲೆಗೆ ನಾನು ಸರಿ ಅಂದದ್ದಕ್ಕೆ ಏನು ಅರ್ಥ?"

ಮೇಷ್ಟ್ರಿಗೂ ಸಂತೋಷವೇನೂ ಇರಲಿಲ್ಲ. ಬೇವಿನ ಸುತ್ತ ಮೂರು ಸಲ ಸುತ್ತಿದರು, ಹೊರಟರು, ಮತ್ತೆ ಬಂದರು. ನಿಯಮ ಬದಲಾಯಿಸಲಿಲ್ಲ.

ಹೊತ್ತು ಇಳಿಯುತ್ತಿತ್ತು. ಬೆಟ್ಟದಿಂದ ಬೆಟ್ಟಕ್ಕೆ ದಾರ ಎಳೆಯಲು ಜೇಡ ಆಗಲೇ ಹೊರಟಿತ್ತು.

"ಕೆಂಚಿ," ಎಂದಿತು ಬೇವು ಮೆಲ್ಲಗೆ, "ನಾಳೆಯಿಂದ ಮಾವಿನ ಕೆಳಗೆ ಆಡು. ಅಲ್ಲಿ ನೆರಳು ಇರುತ್ತದೆ."

"ನಾನು ಹೋಗಲ್ಲ."

"ಕಾಲು ಸುಡುತ್ತದೆ ಕಣೇ."

"ಸುಡಲಿ."

ಕೆಂಚಿ ಕಣ್ಣೊರೆಸಿಕೊಂಡು ಎಲೆಗಳನ್ನು ಮಣ್ಣಿನ ಮೇಲೆ ಇಡುತ್ತಾ ಕೂತಳು. ಅಳು ಬಂದಾಗ ಕೈಗೆ ಏನಾದರೂ ಕೆಲಸ ಬೇಕು. ಒಂದು ಎಲೆ ಇಟ್ಟಳು. ಅದರ ಮುಂದೆ ಇನ್ನೊಂದು. ಅದರ ಮುಂದೆ ಮತ್ತೊಂದು. ಇಟ್ಟವಳು ಹಾಗೇ ನೋಡಿದಳು. ಅಳು ನಿಂತಿತು.

"ಮೇಷ್ಟ್ರೇ, ಇಲ್ಲಿ ಬನ್ನಿ. ಇದು ನಾನು ನಡೆದ ಹಾಗೆ ಇದೆ."

"ಏನು?"

"ಇದು ಎಡಗಾಲು. ಇದು ಬಲಗಾಲು. ಇದು ಮತ್ತೆ ಎಡಗಾಲು."

ಮೇಷ್ಟ್ರು ಬಗ್ಗಿ ನೋಡಿದರು. ಒಂದು ಎಲೆ ಎಡಕ್ಕೆ ಬಾಗಿತ್ತು. ಪಕ್ಕದ್ದು ಬಲಕ್ಕೆ. ಬೇವು ಹಾಳೆಯನ್ನು ಒಮ್ಮೆ ಇತ್ತ, ಒಮ್ಮೆ ಅತ್ತ ಮಡಚಿತ್ತಲ್ಲ, ಅದಕ್ಕೆ ಹಾಗಾಗಿತ್ತು. ಎಡದ್ದು ಎಷ್ಟು ಸೊಟ್ಟಗಿತ್ತೋ ಬಲದ್ದೂ ಅಷ್ಟೇ ಸೊಟ್ಟಗಿತ್ತು.

"ಸೊಟ್ಟ ಸೊಟ್ಟವೇ," ಎಂದರು ಮೇಷ್ಟ್ರು.

"ನನ್ನ ಕಾಲೂ ಸೊಟ್ಟ." ಕೆಂಚಿ ಒಂದು ಕಾಲು ಎತ್ತಿ ತೋರಿಸಿದಳು. "ನೋಡಿ. ಹೆಬ್ಬೆರಳಿನ ಕಡೆ ದಪ್ಪ, ಕಿರುಬೆರಳಿನ ಕಡೆ ಸಣ್ಣ. ನೀವು ಮಡಚಿದರೆ ಅಂಚಿಗೆ ಅಂಚು ಕೂರುತ್ತದಾ?"

"ಕೂರುವುದಿಲ್ಲ."

"ಈಗ ನೋಡಿ." ಕೆಂಚಿ ನೆಲದ ಮೇಲೆ ಕೂತು ಎರಡೂ ಅಂಗಾಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಳು. ಹೆಬ್ಬೆರಳಿಗೆ ಹೆಬ್ಬೆರಳು. ಕಿರುಬೆರಳಿಗೆ ಕಿರುಬೆರಳು. ಹಿಮ್ಮಡಿಗೆ ಹಿಮ್ಮಡಿ.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಆ ಕಾಲುಗಳಲ್ಲಿ ಮಣ್ಣು ತುಂಬಿತ್ತು. ಅದನ್ನು ಊದಿ, ಮತ್ತೆ ನೋಡಿದರು.

"ಒಂದು ಕಡ್ಡಿ ತಾ," ಎಂದರು.

ಬೇವು ತನ್ನ ತುದಿಯಿಂದ ಒಂದು ತೆಳ್ಳನೆಯ ಕಡ್ಡಿ ಮುರಿದುಕೊಟ್ಟಿತು. ಕೆಂಚಿ ಕಡ್ಡಿಯ ಒಂದು ಕಡೆ ಎಡದ ಎಲೆ ಇಟ್ಟಳು, ಇನ್ನೊಂದು ಕಡೆ ಬಲದ ಎಲೆ. ಅದರ ಮೇಲೆ ಇನ್ನೊಂದು ಜೋಡಿ. ಅದರ ಮೇಲೆ ಮತ್ತೊಂದು ಜೋಡಿ. ಇರುವೆಗಳು ಸಾಲಾಗಿ ಬಂದು ಎಲೆ ಜಾರದ ಹಾಗೆ ಹಿಡಿದುಕೊಂಡವು. ಅಳಿಲು ಒಂದು ಎಲೆಯನ್ನು ತಲೆಕೆಳಗಾಗಿ ತಂದು ಬೈಸಿಕೊಂಡಿತು.

ಕೊನೆಗೆ ಒಂದು ಎಲೆ ಒಂಟಿಯಾಗಿ ಉಳಿಯಿತು.

"ಇದರ ಜೋಡಿ ಎಲ್ಲಿ?" ಎಂದರು ಮೇಷ್ಟ್ರು.

ಕೆಂಚಿ ಸೆರಗಿಲ್ಲದ ತನ್ನ ಬಟ್ಟೆಯ ಮಡಿಲು ಕೊಡವಿದಳು. ಸಿಗಲಿಲ್ಲ. ಒಂಟಿ ಎಲೆಯನ್ನು ಕಡ್ಡಿಯ ತುದಿಗೆ ಸಿಕ್ಕಿಸಿದಳು. "ಇದು ಎರಡೂ ಕಡೆಯದು," ಎಂದಳು. ಆ ವಯಸ್ಸಿನವರಿಗೆ ಎಲ್ಲದಕ್ಕೂ ಉತ್ತರ ಇರುತ್ತದೆ.

ಈಗ ಮೇಷ್ಟ್ರು ಕಡ್ಡಿಯನ್ನು ಎತ್ತಿಕೊಂಡರು. ಬೇವು ಕಣ್ಣು ಮುಚ್ಚಿತು.

ಒಂದು ಜೋಡಿ ನೋಡಿ ಒಪ್ಪಿಬಿಡುವವರಲ್ಲ ಅವರು. ಮೊದಲನೆಯ ಜೋಡಿ ಮಡಚಿದರು. ಅಂಚಿಗೆ ಅಂಚು ಕೂತಿತು. ಎರಡನೆಯ ಜೋಡಿ. ಹಲ್ಲಿಗೆ ಹಲ್ಲು ಕೂತಿತು. ಮೂರನೆಯ ಜೋಡಿ. ಬಾಗಿಗೆ ಬಾಗು ಕೂತಿತು. ಕೊನೆಯವರೆಗೂ ನೋಡಿದರು. ಆಮೇಲೆ ಕಡ್ಡಿಯನ್ನು ದಾರಕ್ಕೆ ತೂಗಹಾಕಿ, ತಾವೇ ಜೋರಾಗಿ ಒಂದು ಸಲ ಬೀಸಿದರು.

ಕಡ್ಡಿ ತೂಗಿತು. ತಿರುಚಿಕೊಳ್ಳಲಿಲ್ಲ. ಪಕ್ಕದ ಮಾವಿನೆಲೆಯ ಮೇಲೆ ಬೀಳಲಿಲ್ಲ.

"ಸರಿ," ಎಂದರು ಮೇಷ್ಟ್ರು.

ಬೇವು ಕಣ್ಣು ಬಿಟ್ಟಿತು. "ನನಗೋಸ್ಕರ ನಿಯಮ ಸಡಿಲ ಮಾಡಿದಿರಾ ಮೇಷ್ಟ್ರೇ?"

"ಒಂದು ಕೂದಲೆಳೆಯಷ್ಟೂ ಇಲ್ಲ. ಅಂಚಿಗೆ ಅಂಚು ಕೂತಿದೆ, ಅದಕ್ಕೆ ಸರಿ ಅಂದೆ. ಜೋಡಿಯಾಗಿ ನೋಡಬೇಕಾದದ್ದನ್ನು ನಾನೇ ಬಿಡಿಬಿಡಿಯಾಗಿ ನೋಡಿದೆ, ಅದು ನನ್ನ ತಪ್ಪು." ತಪ್ಪು ಎಂದು ಅವರು ಹೇಳಿದ್ದನ್ನು ಮರಗಳು ಕೇಳಿದ್ದು ಅದೇ ಮೊದಲು. "ಆದರೆ ಇನ್ನೊಂದು ಮಾತು. ನಿನ್ನ ಬಿಡಿ ಎಲೆ ತೋರಣಕ್ಕೆ ಬರಕೂಡದು. ಕಡ್ಡಿ ಸಮೇತ ಬಂದರೆ ಮಾತ್ರ."

"ಆಗಲಿ ಮೇಷ್ಟ್ರೇ."

ಮರುದಿನ ಬೆಳಿಗ್ಗೆ ಸೂರ್ಯ ಎರಡು ಬೆಟ್ಟಗಳ ನಡುವೆ ಬಂದ. ತೋರಣ ನೋಡಿ ಬಾಗಿಲಲ್ಲೇ ಸ್ವಲ್ಪ ನಿಂತ. ಮಾವಿನೆಲೆಗೆ ಬಿಸಿಲು ತಾಗಿತು, ಅರಳಿಯ ಎಲೆಗೆ ತಾಗಿತು, ಬೇವಿನ ಕಡ್ಡಿಗೂ ತಾಗಿತು. ನೋಡನೋಡುತ್ತಿದ್ದ ಹಾಗೆ ಬೇವಿನ ಮೈತುಂಬ ಎಲೆ. ಒಂದೊಂದೂ ಸೊಟ್ಟ, ಎಲ್ಲವೂ ಜೋಡಿ.

ಕೆಂಚಿ ಕೆಳಗೆ ಬಂದಳು. ಗೆರೆಗಳಿರಲಿಲ್ಲ. ಹಾಸಿದ ಹಾಗೆ ನೆರಳಿತ್ತು. ಅವಳು ಎಲ್ಲಿ ಬೇಕಾದರೂ ಕಾಲಿಟ್ಟಳು.

ನಂಬಿಕೆ ಬರದಿದ್ದರೆ ಹೇಳಿದ್ದನ್ನೇ ನಂಬಿ ಕೂರಬೇಡಿ, ನೀವೇ ನೋಡಿ. ಬೇವಿನ ಒಂದು ಎಲೆಯನ್ನು ಅದರ ನಡುಗೆರೆಯ ಮೇಲೆ ಮಡಚಿ. ಅಂಚಿಗೆ ಅಂಚು ಕೂರುವುದಿಲ್ಲ. ಬೆರಳು ಸವರಿದರೆ ಏಡಿ ಕಚ್ಚಿದ ಹಲ್ಲುಗಳು ಸಿಗುತ್ತವೆ. ಆಮೇಲೆ ಇಡೀ ಕಡ್ಡಿಯನ್ನು ಹಿಡಿದು ಎಡದ ಎಲೆಗಳನ್ನು ಬಲದ ಎಲೆಗಳ ಮೇಲೆ ಮಡಚಿ ನೋಡಿ. ಕೆಲವು ಕಡ್ಡಿಗಳ ತುದಿಯಲ್ಲಿ ಒಂಟಿ ಎಲೆಯೂ ಇರುತ್ತದೆ, ಹುಡುಕಿ.

ಅದಕ್ಕೇ ಇಂದಿಗೂ ಯುಗಾದಿಯ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಮಾವಿನ ಎಲೆಯನ್ನು ಒಂದೊಂದಾಗಿ ದಾರಕ್ಕೆ ಕಟ್ಟುತ್ತಾರೆ, ಬೇವನ್ನು ಮಾತ್ರ ಜೋಡಿ ಬಿಡಿಸದೆ, ಕಡ್ಡಿ ಸಮೇತ ಸಿಕ್ಕಿಸುತ್ತಾರೆ.