ತಿಪ್ಪೇಶಿಯ ಒಂದೇ ದೊಡ್ಡ ಡ್ರೈವ್

ಚಳ್ಳಕೆರೆಯಲ್ಲಿ ತಿಪ್ಪೇಶಿ ಎಂಬ ಮದುವೆ ವಿಡಿಯೋದವನಿದ್ದ. ಮನೆಯ ಹಜಾರದಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಎಡಿಟಿಂಗ್ ಮಾಡುತ್ತಿದ್ದ. ಅದರೊಳಗೆ ಎರಡು ಎಸ್‌ಎಸ್‌ಡಿ ಡಿಸ್ಕ್‌ಗಳಿದ್ದವು. ತೆಗೆದ ಮದುವೆಯನ್ನು ಒಂದರಲ್ಲಿ ಹಾಕಿ, ಅದರ ಕಾಪಿಯನ್ನು ಇನ್ನೊಂದರಲ್ಲಿ ಇಡುವುದು ಅವನ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ನೆಟ್ಟಗಿರುವುದನ್ನು ಕೆದಕದಿದ್ದರೆ ಮನುಷ್ಯನಿಗೆ ಉಂಡ ಅನ್ನ ಅರಗುವುದಿಲ್ಲವಲ್ಲ.

ಒಂದೇ ಮದುವೆಗೆ ಎರಡು ಕಡೆ ಜಾಗ ದಂಡ ಎಂದು ಅವನಿಗೆ ಹೊಟ್ಟೆಯುರಿ. ಹಳೆಯ ಮದುವೆಗಳನ್ನೆಲ್ಲ ಆಯಾ ಮನೆಯವರಿಗೆ ಕೊಟ್ಟು ಮುಗಿಸಿ, ಕಂಪ್ಯೂಟರ್ ರಿಪೇರಿಯ ನಜೀರ್ ಭಾಯಿಯನ್ನು ಕರೆಸಿದ.

"ಭಾಯ್, ಎರಡನ್ನೂ ಸೇರಿಸಿ ಒಂದೇ ದೊಡ್ಡ ಡ್ರೈವ್ ಮಾಡಿಕೊಡಿ."

"ಮಾಡಬಹುದು ತಿಪ್ಪೇಶಣ್ಣ. ಆದ್ರೆ ಒಂದೊಂದು ವಿಡಿಯೋನೂ ಚೂರುಚೂರಾಗಿ ಎರಡರಲ್ಲೂ ಹಂಚಿಹೋಗ್ತದೆ. ಒಂದು ಕೆಟ್ರೆ ಇನ್ನೊಂದರಲ್ಲಿರೋದೂ ಕೆಲಸಕ್ಕೆ ಬರಲ್ಲ. ಬೇರೆ ಕಡೆ ಕಾಪಿ ಇಡ್ತೀನಿ ಅಂದ್ರೆ ಮಾಡ್ತೀನಿ."

"ಇಡ್ತೀನಿ, ಇಡ್ತೀನಿ" ಎಂದ ತಿಪ್ಪೇಶಿ. ಇಡಲಿಲ್ಲ.

ಅವತ್ತಿನಿಂದ ಅವನ ಜಂಬ ಕೇಳಬೇಡಿ. ಹಾಲು ಹಾಕಲು ಬಂದವರನ್ನೂ ಒಳಗೆ ಕರೆದು ಕೂರಿಸಿ, ಡ್ರೈವಿನಲ್ಲಿ ಎಷ್ಟು ಜಾಗ ಖಾಲಿ ಇದೆ ನೋಡಿ ಎಂದು ತೋರಿಸುತ್ತಿದ್ದ. "ಮನೇಲಿ ಕಾಲಿಡಾಕೆ ಜಾಗ ಇಲ್ಲ, ಅದ್ರೊಳಗೆ ಮೈದಾನ ಮಾಡ್ಕಂಡವ್ರೆ" ಎಂದು ಹೆಂಡತಿ ಓಬಮ್ಮ ಗೊಣಗುತ್ತಿದ್ದಳು.

ಶ್ರಾವಣದಲ್ಲಿ ಪಾಲಯ್ಯ ಎಂಬವನ ಮಗಳ ಮದುವೆಯಾಯಿತು. ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದ ಬೋರಜ್ಜಿ ಕಾಲು ಮುರಿದುಕೊಂಡು, ಮದುವೆಗೆ ಹೋಗಲಾಗದೆ ಮನೆಯಲ್ಲೇ ಮಲಗಿತ್ತು. "ಮೊಮ್ಮಗಳಿಗೆ ತಾಳಿ ಕಟ್ಟಿದ್ದೊಂದು ತೋರಿಸ್ಬಿಡಪ್ಪ, ಸಾಕು" ಎಂದು ತಿಪ್ಪೇಶಿಯ ಕೈ ಹಿಡಿದು ಕೇಳಿತು.

"ಮುಂದಿನ ವಾರ ಅಜ್ಜಿ" ಎಂದ. ವಿಡಿಯೋದವರ ಮುಂದಿನ ವಾರ ಎಷ್ಟು ಉದ್ದ ಎಂದು ಮದುವೆ ಮಾಡಿಸಿದವರಿಗೆ ಗೊತ್ತು. ಅಷ್ಟರಲ್ಲಿ ಆಯುಧಪೂಜೆ ಬಂತು.

ಎಲ್ಲರೂ ಕಂಪ್ಯೂಟರಿನ ಹೊರಗೆ ಕುಂಕುಮ ಇಡುತ್ತಾರೆ. ನಮ್ಮ ತಿಪ್ಪೇಶಿ, "ಒಳಗಿರೋ ಡಿಸ್ಕಿಗೆ ಪೂಜೆ ತಲುಪೋದು ಹೆಂಗೆ?" ಎಂದು ಡಬ್ಬದ ಮುಚ್ಚಳವನ್ನೇ ಬಿಚ್ಚಿದ. ಎರಡು ಡಿಸ್ಕಿಗೂ ವಿಭೂತಿ ಬಳಿದ, ಸೇವಂತಿಗೆ ಏರಿಸಿದ, ಮಾವಿನೆಲೆಯಲ್ಲಿ ಕಳಶದ ನೀರು ಚಿಮುಕಿಸಿದ. ಭಕ್ತಿ ಉಕ್ಕಿ ಬಂದು ಇನ್ನೊಂದು ಸಲ ಚಿಮುಕಿಸಿದ. ಕೈಮುಗಿದು ಸ್ವಿಚ್ ಒತ್ತಿದ. ಒಳಗೆ ಚಿಟ್ ಎಂದಿತು.

ನಜೀರ್ ಭಾಯಿ ಬಂದು ನೋಡಿದರು. "ಒಂದು ಡಿಸ್ಕ್ ಹೋಗಿದೆ. ಇನ್ನೊಂದು ಚೆನ್ನಾಗಿದೆ."

"ಹಂಗಾದ್ರೆ ಅರ್ಧ ಮದುವೆಯಾದ್ರೂ ಸಿಗ್ತದಾ?"

"ಕಾಲು ಭಾಗನೂ ಸಿಗಲ್ಲ ಅಣ್ಣ. ಆವತ್ತೇ ಹೇಳಿದ್ನಲ್ಲ."

ಕ್ಯಾಮೆರಾದ ಕಾರ್ಡನ್ನು ಮರುದಿನದ ಮದುವೆಗೆಂದು ಅವನೇ ಅಳಿಸಿದ್ದ. ಅಜ್ಜಿಗೆ ಇನ್ನೇನು ತೋರಿಸೋದು ಎಂದು ತಿಪ್ಪೇಶಿ ಹೆಂಡತಿಯನ್ನೇ ಕೇಳಿದ. ಆಗ ಓಬಮ್ಮ ಮೆಲ್ಲಗೆ ಬಾಯಿಬಿಟ್ಟಳು. "ಊಟದ ಪಂಕ್ತಿ ಒಂದು ನನ್ನ ಪೆನ್‌ಡ್ರೈವಲ್ಲಿ ಐತೆ. ಯಾರ್ಯಾರು ಎಂಥ ಸೀರೆ ಉಟ್ಟಿದ್ರು ಅಂತ ನೋಡಾಕೆ ಹಾಕ್ಕಂಡಿದ್ದೆ."

ಅದನ್ನೇ ತೆಗೆದುಕೊಂಡು ಗಂಡ ಹೆಂಡಿರಿಬ್ಬರೂ ಪಾಲಯ್ಯನ ಮನೆಗೆ ಹೋದರು. ಅಜ್ಜಿ ಕನ್ನಡಕ ಏರಿಸಿಕೊಂಡು ಕೂತಿತು. ಟಿವಿಯಲ್ಲಿ ಹೋಳಿಗೆ ಬಂತು, ತುಪ್ಪ ಬಂತು, ಪಾಲಯ್ಯ ಮೂರನೇ ಸಲ ಅನ್ನ ಹಾಕಿಸಿಕೊಂಡದ್ದೂ ಬಂತು.

"ಯಾಕಪ್ಪ, ತಾಳಿ ಕಟ್ಟಾಕೆ ಮುಂಚೇನೇ ಊಟಕ್ಕೆ ಕುಂತ್ರಾ?" ಎಂದಿತು ಅಜ್ಜಿ.

ದಾರಿಯುದ್ದಕ್ಕೂ ತಿಪ್ಪೇಶಿ ಮೂರು ಸುಳ್ಳು ಹೊಂದಿಸಿಕೊಂಡು ಬಂದಿದ್ದ. ಆ ಮುಖದ ಮುಂದೆ ಒಂದೂ ಬಾಯಿಗೆ ಬರಲಿಲ್ಲ. "ಅಜ್ಜಿ, ತಾಳಿ ಕಟ್ಟಿದ್ದನ್ನ ನಾನೇ ಕಳೆದುಬಿಟ್ಟೆ. ಇನ್ನೊಂದು ಕಾಪಿ ಇಡಬೇಕಿತ್ತು, ಇಡಲಿಲ್ಲ. ತಪ್ಪಾಯ್ತು."

ಪಾಲಯ್ಯ ಪಂಚೆ ಎತ್ತಿ ಕಟ್ಟಿ ಎದ್ದ. ಅಜ್ಜಿ ಕೈಸನ್ನೆಯಲ್ಲೇ ಅವನನ್ನು ಕೂರಿಸಿತು. "ನಿನ್ನ ಮಗಳು ಅಳಿಯ ಹಬ್ಬಕ್ಕೆ ಬಂದು ಮನೇಲೇ ಅವ್ರಲ್ಲ. ಕರಿಯೋ. ನನ್ನ ಮುಂದೆ ಇನ್ನೊಂದ್ಸಲ ಕಟ್ಲಿ."

ತಲೆಗೆ ಎಣ್ಣೆ ಹಚ್ಚಿ ಸ್ನಾನಕ್ಕೆ ಹೊರಟಿದ್ದ ಅಳಿಯ ಟವಲಿನಲ್ಲೇ ಬಂದ. ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಅವನ ಕೈಗೆ ಕೊಟ್ಟರು. ನಗು ತಡೆಯಲಾರದೆ ಬಗ್ಗಿದ ಹುಡುಗಿಯ ಕೊರಳಿಗೆ ಕಟ್ಟಿದ. ಅಜ್ಜಿ ಅಕ್ಷತೆ ಹಾಕಿ, ಕಣ್ತುಂಬ ನೋಡಿ ಅತ್ತಿತು. ತಿಪ್ಪೇಶಿಯೂ ಅಳುತ್ತಲೇ ಮೊಬೈಲಿನಲ್ಲಿ ವಿಡಿಯೋ ತೆಗೆದ.

"ಇದನ್ನ ಎಲ್ಲಿ ಇಡ್ತೀಯಪ್ಪ?" ಎಂದಿತು ಅಜ್ಜಿ, ಮೂಗು ಒರೆಸಿಕೊಂಡು.

"ಎರಡು ಕಡೆ ಅಜ್ಜಿ. ಬೇರೆ ಬೇರೆ."

"ಮೂರು ಕಡೆ ಇಡು. ಇನ್ನೊಂದ್ಸಲ ಕಟ್ಟು ಅಂದ್ರೆ ಈ ಅಳಿಯ ಹಬ್ಬಕ್ಕೇ ಬರಲ್ಲ."

ನೀತಿ: ಎರಡನ್ನು ಸೇರಿಸಿದರೆ ದೊಡ್ಡದಾಗುತ್ತದೆ, ಭದ್ರವಾಗುವುದಿಲ್ಲ. ಕಳೆದುಕೊಳ್ಳಬಾರದ್ದನ್ನು ಬೇರೆ ಬೇರೆ ಕಡೆ ಇಡಿ. ಕಳೆದೇಹೋದರೆ ಸುಳ್ಳು ಹೇಳದೆ ಒಪ್ಪಿಕೊಳ್ಳಿ. ಪೂಜೆಯನ್ನು ಮಾತ್ರ ಮುಚ್ಚಳ ಹಾಕಿಯೇ ಮಾಡಿ.