ಕಪಾಟಿನಡಿ ಸೇರಿದ ಕುಂಚ

ಕಲಾಶಾಲೆಯ ವಿದ್ಯಾರ್ಥಿನಿ ಶಾಂಭವಿ ಈ ಸಲ ಚಿತ್ರ ಬರೆಯಲಿಲ್ಲ. ಜನ ಒಳಹೊಕ್ಕು ನೋಡುವಂಥ ಕಲಾಕೃತಿ ಮಾಡಲು ಕೋಣೆಯ ತುಂಬ ಗೋಣಿತಾಟು, ಹಳೇ ಸೀರೆ, ತುಕ್ಕು ಹಿಡಿದ ತಂತಿಗಳನ್ನು ತೂಗುಬಿಟ್ಟಳು. ಅವಳ ಹಳೆಯ ಕುಂಚಕ್ಕೆ ಹೊಟ್ಟೆ ಉರಿಯಿತು.

"ನಿನ್ನೆವರೆಗೆ ಎಲ್ಲರೂ ನಿನ್ನ ಮೇಲೆ ಕಾಲೊರೆಸುತ್ತಿದ್ದರು. ಇಂದು ನೀನು ಕಲೆಯಾದೆಯಾ?" ಎಂದು ಅದು ಗೋಣಿತಾಟನ್ನು ಕೇಳಿತು.

"ಅವಳು ಕರೆದಳು, ಬಂದೆ. ನೀವೂ ಬನ್ನಿ, ಜಾಗವಿದೆ," ಎಂದಿತು ಗೋಣಿತಾಟು.

"ನಿಮ್ಮ ಸಾಲಿನಲ್ಲಿ ನಾನೇ? ನಾನಿಲ್ಲದೆ ಅವಳು ಹೇಗೆ ಮುಗಿಸುತ್ತಾಳೋ ನೋಡುತ್ತೇನೆ!" ಎಂದು ಕುಂಚ ಮೇಜಿನಿಂದ ಉರುಳಿ ಕಪಾಟಿನಡಿ ಅಡಗಿತು.

ಸ್ವಲ್ಪ ಹೊತ್ತಿಗೆ ಶಾಂಭವಿ ಬಂದು ಮೇಜೆಲ್ಲ ತಡಕಾಡಿದಳು. "ನನ್ನ ಮೊದಲ ಕುಂಚವನ್ನೇ ನಟ್ಟನಡುವೆ ತೂಗಬೇಕೆಂದಿದ್ದೆ, ಎಲ್ಲಿ ಹೋಯಿತೋ!" ಎಂದು ಪೇಚಾಡಿ, ಕೊನೆಗೆ ಮೂಲೆಯಲ್ಲಿದ್ದ ಮೋಟು ಪೊರಕೆಯನ್ನು ಅಲ್ಲಿ ಕಟ್ಟಿದಳು.

ಮರುದಿನ ಬಂದವರೆಲ್ಲ ಪೊರಕೆಯ ಮುಂದೆಯೇ ಹೆಚ್ಚು ಹೊತ್ತು ನಿಂತರು. ಜನ ಕರಗಿದ ಮೇಲೆ ಪೊರಕೆ ಕೂಗಿ ಹೇಳಿತು: "ಅಣ್ಣಾ, ಇದು ನಿಮ್ಮ ಜಾಗ. ಈಗ ಬಂದರೂ ಅವಳು ನನ್ನನ್ನು ಬಿಚ್ಚಿ ನಿಮ್ಮನ್ನು ಕಟ್ಟುತ್ತಾಳೆ."

"ಪೊರಕೆ ಬಿಟ್ಟುಕೊಟ್ಟ ಜಾಗ ನನಗೇಕೆ?" ಎಂದಿತು ಕುಂಚ. ಇನ್ನಷ್ಟು ಒಳಕ್ಕೆ ಉರುಳಿ, ಗೋಡೆಗೆ ಮುಖ ಮಾಡಿ ಮಲಗಿತು.