ವರ್ಗಾವಣೆಯ ಗುಟ್ಟಿನ ಪಟ್ಟಿ

ಒಂದು ಸರ್ಕಾರಿ ಕಚೇರಿಯಲ್ಲಿ ಒಬ್ಬ ಶೀಘ್ರಲಿಪಿಗಾರ್ತಿ ಇದ್ದಳು. ಕಿವಿ ಮಂದವಾಗಿದ್ದರಿಂದ ಹೊಸದಾಗಿ ಶ್ರವಣಯಂತ್ರ ಹಾಕಿಸಿಕೊಂಡಿದ್ದಳು. ಮೊದಲ ವಾರ ಫ್ಯಾನಿನ ಸದ್ದೇ ಹಿಟ್ಟಿನ ಗಿರಣಿಯಂತೆ ಕೇಳಿತು. ಮೂರನೇ ವಾರಕ್ಕೆ ಮನುಷ್ಯರ ಮಾತು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳತೊಡಗಿತು.

ಅಷ್ಟರಲ್ಲಿ ಹೊಸ ಸಾಹೇಬರು ಬಂದರು. ಆ ಯಂತ್ರ ಫೋನಿಗೂ ಜೋಡಣೆಯಾಗುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು.

"ನನ್ನ ಮಾತು ರೆಕಾರ್ಡ್ ಮಾಡ್ತೀರೇನ್ರೀ?"

"ಇದು ರೆಕಾರ್ಡ್ ಮಾಡಲ್ಲ ಸರ್, ಬರೀ ಕೇಳಿಸುತ್ತೆ."

"ಎದುರು ಮಾತು ಬೇಡ. ನನ್ನ ಕೋಣೆಯಲ್ಲಿ ಅದನ್ನು ತೆಗೆದಿಡಿ. ಕೆಲಸ ಆಗದಿದ್ದರೆ ಹಳೇ ಕಡತಗಳ ಕೋಣೆಗೆ ಹೋಗಿ. ಅಲ್ಲಿ ಯಾರೂ ಮಾತಾಡಲ್ಲ."

ಆಕೆ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟು, ಪೆನ್ಸಿಲ್ ಹಿಡಿದು ಕೂತಳು.

ಸಾಹೇಬರು ವರ್ಗಾವಣೆಯ ಗುಟ್ಟಿನ ಪಟ್ಟಿಯನ್ನು ಮೆಲ್ಲಗೆ ಹೇಳತೊಡಗಿದರು.

"ಕೇಳಿಸಲಿಲ್ಲ ಸರ್."

ಗಟ್ಟಿಯಾಗಿ ಹೇಳಿದರು.

"ಇನ್ನೂ ಸ್ವಲ್ಪ ಜೋರಾಗಿ, ಸರ್."

ಸಾಹೇಬರು ಕೂಗಿದರು. ಆಕೆ ಬರೆದುಕೊಂಡಳು. ಬರೆದದ್ದನ್ನು ಓದಿ ಒಪ್ಪಿಸುವುದು ಅವಳ ಕೆಲಸದ ಪದ್ಧತಿ. ಅವರಿಗಿಂತಲೂ ಜೋರಾಗಿ ಓದಿದಳು:

"ಮೊದಲನೆಯವರು ಗುಮಾಸ್ತ ಪುಟ್ಟಮಾದಯ್ಯ! ಕಾರಣ, ಸಾಹೇಬರಿಗೆ ನಮಸ್ಕಾರ ಮಾಡುವುದಿಲ್ಲ! ಸರಿಯೇ ಸರ್?"

ಬಾಗಿಲು ತೆರೆಯಿತು. ಪುಟ್ಟಮಾದಯ್ಯ ಕೈ ಮುಗಿದು ನಿಂತಿದ್ದ.

"ನಮಸ್ಕಾರ ಸರ್."

ಅವನ ಹಿಂದೆ ಇಡೀ ಕಚೇರಿಯೇ ಕಿವಿ ನಿಮಿರಿಸಿಕೊಂಡು ನಿಂತಿತ್ತು.

"ಎರಡನೆಯವರು ಯಾರು ಸರ್?" ಆಕೆ ಕೂಗಿ ಕೇಳಿದಳು.

ಸಾಹೇಬರ ಮುಖ ಬೆವರಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದರು.

"ಹಾಕ್ಕೊಳ್ಳಿ ತಾಯೀ! ನಾಳೆಯೂ ಹಾಕ್ಕೊಳ್ಳಿ, ಯಾವಾಗಲೂ ಹಾಕ್ಕೊಳ್ಳಿ!"

ಆಕೆ ಹಾಕಿಕೊಂಡಳು. ಸಾಹೇಬರು ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು:

"ಪಟ್ಟಿ ಹರಿದುಹಾಕಿ."

"ಕೇಳಿಸಿತು ಸರ್," ಎಂದಳು ಆಕೆ, ಅಷ್ಟೇ ಮೆಲ್ಲಗೆ.